ಅಮೆರಿಕದ ಕಾರು ಯಾವುದು? ಡೆಟ್ರಾಯಿಟ್‌ನ ಕಾರ್ಮಿಕ ಸಂಘ ಮತ್ತು ದೇಶಿ–ವಿದೇಶಿ ಕಾರಿನ ಚರ್ಚೆ

2025ರ ಏಪ್ರಿಲ್ 3ರಿಂದ ಅಮೆರಿಕವು ಹೊರದೇಶಗಳಲ್ಲಿ ತಯಾರಾಗಿ ಬರುವ ಕಾರುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ವಿಧಿಸಿತು; ಮೇ 3ರಿಂದ ಅದು ಬಿಡಿಭಾಗಗಳಿಗೂ ವಿಸ್ತರಿಸಿತು. ಜಪಾನ್, ದಕ್ಷಿಣ ಕೊರಿಯಾ ಮತ್ತು ಐರೋಪ್ಯ ಒಕ್ಕೂಟ ಆಮೇಲೆ ಮಾತುಕತೆ ನಡೆಸಿ ತಮ್ಮ ಕಾರುಗಳ ಮೇಲಿನ ಸುಂಕವನ್ನು ಶೇ 15ಕ್ಕೆ ಇಳಿಸಿಕೊಂಡವು. ಅದೇ ವರ್ಷ ಜುಲೈ 4ರಂದು ಸಹಿಯಾದ ತೆರಿಗೆ ಕಾಯ್ದೆಯು, ಅಮೆರಿಕದ ನೆಲದಲ್ಲಿ ಅಂತಿಮ ಜೋಡಣೆಯಾದ ಹೊಸ ವಾಹನವನ್ನು ಸಾಲ ಮಾಡಿ ಕೊಂಡವರು ಆ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 10,000 ಡಾಲರ್‌ವರೆಗಿನ ಮೊತ್ತವನ್ನು ತಮ್ಮ ಆದಾಯದ ಲೆಕ್ಕದಿಂದ ಕಳೆಯಬಹುದು ಎಂದಿತು. ಹೀಗಾಗಿ, ಇಷ್ಟು ದಿನ ಕಾರ್ಮಿಕ ಸಂಘಗಳ ಸಭೆಗಳಲ್ಲಿ ಮಾತ್ರ ಬಿಸಿಯೇರುತ್ತಿದ್ದ ಒಂದು ಪ್ರಶ್ನೆ, ಮಿಷಿಗನ್ನಿನಿಂದ ಟೆಕ್ಸಾಸ್‌ವರೆಗೆ ನೆಲೆಸಿರುವ ಕನ್ನಡಿಗರನ್ನೂ ಸೇರಿಸಿಕೊಂಡು, ಹೊಸ ಕಾರು ಕೊಳ್ಳಲು ಹೊರಟ ಪ್ರತಿಯೊಬ್ಬರ ಪ್ರಶ್ನೆಯಾಗಿದೆ: ಅಮೆರಿಕದ ಕಾರು ಎಂದರೆ ಯಾವುದು?

ಇದು ಒಂದೇ ಪ್ರಶ್ನೆಯಂತೆ ಕಂಡರೂ ಇದರೊಳಗೆ ನಾಲ್ಕು ಪ್ರಶ್ನೆಗಳಿವೆ. ಮುಂಬೈಯ ಒಂದು ಉಡುಪಿ ಹೋಟೆಲನ್ನು ನೆನೆದುಕೊಳ್ಳಿ. ಮಾಲೀಕರು ಕುಂದಾಪುರದ ಕಡೆಯವರು, ಲಾಭ ಅಲ್ಲಿನ ಮನೆಗೆ ಹೋಗುತ್ತದೆ, ಅಡುಗೆಮನೆ ಮಾಟುಂಗದಲ್ಲಿದೆ, ಅಕ್ಕಿ ಆಂಧ್ರದಿಂದ ಬರುತ್ತದೆ, ದೋಸೆ ಹೊಯ್ಯುವವರು ಒಡಿಶಾದವರು, ಅವರ ಸಂಬಳ–ರಜೆಗಳ ಲೆಕ್ಕವೇ ಬೇರೆ. ಈ ಹೋಟೆಲು ಎಲ್ಲಿಯದು ಎಂದು ಕೇಳಿದರೆ ಯಾವುದನ್ನು ಕೇಳುತ್ತಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕಾರಿನ ವಿಷಯದಲ್ಲೂ ಲಾಭ ಯಾವ ದೇಶದ ಕಂಪನಿಗೆ ಹೋಗುತ್ತದೆ, ಜೋಡಣೆ ಎಲ್ಲಿ ನಡೆಯುತ್ತದೆ, ಬಿಡಿಭಾಗಗಳು ಎಲ್ಲಿಂದ ಬರುತ್ತವೆ, ಜೋಡಿಸುವ ಕೈಗಳು ಕಾರ್ಮಿಕ ಸಂಘಕ್ಕೆ ಸೇರಿವೆಯೇ ಇಲ್ಲವೇ ಎಂಬ ನಾಲ್ಕೂ ಬೇರೆ ಬೇರೆ. ಸುಮಾರು 1970ರ ದಶಕದ ಕೊನೆಯವರೆಗೆ ಅಮೆರಿಕದಲ್ಲಿ ಈ ನಾಲ್ಕಕ್ಕೂ ಒಂದೇ ಉತ್ತರವಿತ್ತು. ಆಮೇಲೆ ಅವು ಒಂದೊಂದಾಗಿ ಬೇರ್ಪಟ್ಟವು. ಇಂದಿನ ಗೊಂದಲದ ಮೂಲ ಅಲ್ಲಿದೆ.

ಯುಎಡಬ್ಲ್ಯು ಹುಟ್ಟಿದ ಬಗೆ

ಅಮೆರಿಕದ ವಾಹನ ಕಾರ್ಮಿಕರ ಸಂಘದ ಹೆಸರು ಯುನೈಟೆಡ್ ಆಟೋ ವರ್ಕರ್ಸ್. ಎಲ್ಲರೂ ಬಳಸುವುದು ಯುಎಡಬ್ಲ್ಯು ಎಂಬ ಹ್ರಸ್ವರೂಪವನ್ನು. 1935ರಲ್ಲಿ, ಅಮೆರಿಕದ ಕಾರು ಉದ್ಯಮದ ತವರಾದ ಡೆಟ್ರಾಯಿಟ್ ನಗರದಲ್ಲಿ ಇದು ಸ್ಥಾಪನೆಯಾಯಿತು. ಮುಂದಿನ ವರ್ಷದ ಡಿಸೆಂಬರ್ 30ರಂದು ಫ್ಲಿಂಟ್ ಪಟ್ಟಣದ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಕಾರ್ಮಿಕರು ಯಂತ್ರಗಳನ್ನು ನಿಲ್ಲಿಸಿ ಒಳಗೇ ಕುಳಿತುಬಿಟ್ಟರು. ಗೇಟಿನ ಹೊರಗೆ ಮುಷ್ಕರ ಹೂಡಿದರೆ ಕಂಪನಿ ಬೇರೆಯವರನ್ನು ತಂದು ಕೆಲಸ ಮುಂದುವರಿಸಬಹುದಿತ್ತು. ಒಳಗೇ ಕುಳಿತವರನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. 44 ದಿನಗಳ ನಂತರ, 1937ರ ಫೆಬ್ರುವರಿ 11ರಂದು, ಕಂಪನಿ ಸಂಘವನ್ನು ಮಾನ್ಯ ಮಾಡಿತು. ಫೋರ್ಡ್ ಕಂಪನಿ ಬಾಗಿದ್ದು 1941ರಲ್ಲಿ.

ಮಾನ್ಯತೆ ಎಂದರೆ, ಕಾರ್ಖಾನೆಯ ಕಾರ್ಮಿಕರೆಲ್ಲರ ಪರವಾಗಿ ಸಂಬಳ, ಕೆಲಸದ ಅವಧಿ, ವಿಮೆ, ಪಿಂಚಣಿಗಳ ಬಗ್ಗೆ ಕಂಪನಿಯೊಡನೆ ಮಾತುಕತೆ ನಡೆಸಿ ನಿರ್ದಿಷ್ಟ ಅವಧಿಯ ಲಿಖಿತ ಒಪ್ಪಂದ ಮಾಡಿಕೊಳ್ಳುವ ಹಕ್ಕು. ನಮ್ಮ ಸಾರಿಗೆ ನಿಗಮಗಳ ನೌಕರರ ವೇತನ ಪರಿಷ್ಕರಣೆಯ ಸುದ್ದಿ ಓದಿದವರಿಗೆ ಈ ಮಾತು ಹೊಸದಲ್ಲ. ಆದರೆ ನಮ್ಮಲ್ಲಿ ಒಂದೇ ಕಾರ್ಖಾನೆಯಲ್ಲಿ ಬೇರೆ ಬೇರೆ ಪಕ್ಷಗಳ ನೆರಳಿನ ಎರಡು ಮೂರು ಸಂಘಗಳಿರಬಹುದು. ಅಮೆರಿಕದಲ್ಲಿ ಕಾರ್ಮಿಕರ ಬಹುಮತ ಪಡೆದ ಒಂದು ಸಂಘವೇ ಎಲ್ಲರ ಪ್ರತಿನಿಧಿ. ಸಂಘ ಬೇಕೋ ಬೇಡವೋ ಎಂಬುದು ಕಾರ್ಖಾನೆಯಿಂದ ಕಾರ್ಖಾನೆಗೆ ಗುಪ್ತ ಮತದಾನದಲ್ಲಿ ತೀರ್ಮಾನವಾಗುತ್ತದೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಒಂದೇ ಕಂಪನಿಯ ಒಂದು ಕಾರ್ಖಾನೆಯಲ್ಲಿ ಸಂಘವಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಇದರಿಂದಲೇ ಸಾಧ್ಯವಾಗುತ್ತದೆ.

ಕೊಳ್ಳುವವರ ಆಯ್ಕೆ ಸಂಘಕ್ಕೇಕೆ ಮುಖ್ಯ?

ತನ್ನ ಸದಸ್ಯ ಯಾವ ಕಾರು ಓಡಿಸುತ್ತಾನೆ ಎಂಬುದರ ಬಗ್ಗೆ ಸಂಘ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ? ದೇಶಾಭಿಮಾನ ಎಂಬ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ಸಂಬಳದ ಲೆಕ್ಕ.

ಮೂರು ಕಂಪನಿಗಳು ಒಂದೇ ಬಗೆಯ ಕಾರು ಮಾಡುತ್ತಿವೆ ಎಂದಿಟ್ಟುಕೊಳ್ಳೋಣ. ಒಂದರಲ್ಲಿ ಮಾತ್ರ ಸಂಬಳ ಏರಿದರೆ ಅದರ ಕಾರು ತುಟ್ಟಿಯಾಗುತ್ತದೆ, ಗಿರಾಕಿಗಳು ಉಳಿದೆರಡರ ಕಡೆ ಸರಿಯುತ್ತಾರೆ, ಸಂಬಳ ಏರಿಸಿಕೊಂಡವರೇ ಕೆಲಸ ಕಳೆದುಕೊಳ್ಳುತ್ತಾರೆ. ಮೂರರಲ್ಲೂ ಒಂದೇ ಸಂಬಳವಿದ್ದರೆ ಈ ಅಪಾಯವಿಲ್ಲ. ಕಂಪನಿಗಳು ವಿನ್ಯಾಸದಲ್ಲಿ, ಗುಣಮಟ್ಟದಲ್ಲಿ, ಜಾಹೀರಾತಿನಲ್ಲಿ ಪೈಪೋಟಿ ನಡೆಸಬೇಕೇ ಹೊರತು ಕಾರ್ಮಿಕರ ಕೂಲಿ ಕಡಿತದಲ್ಲಿ ಅಲ್ಲ. 1946ರಿಂದ 1970ರವರೆಗೆ ಯುಎಡಬ್ಲ್ಯು ಅಧ್ಯಕ್ಷರಾಗಿದ್ದ ವಾಲ್ಟರ್ ರಾಯ್ಟರ್ ಈ ತತ್ತ್ವವನ್ನು ಒಂದು ಪದ್ಧತಿಯಾಗಿ ಬೆಳೆಸಿದರು. ಒಪ್ಪಂದದ ಅವಧಿ ಮುಗಿದಾಗ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್‌ಗಳಲ್ಲಿ ಒಂದನ್ನು ಆರಿಸಿಕೊಂಡು ಅದರೊಡನೆ ಹೊಸ ಒಪ್ಪಂದ ಕುದುರಿಸುವುದು, ಆಮೇಲೆ ಅದೇ ಕಾಗದವನ್ನು ಉಳಿದೆರಡರ ಮುಂದಿಡುವುದು ಈ ಪದ್ಧತಿಯ ಕ್ರಮ. 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಆದ ಐದು ವರ್ಷಗಳ ಒಪ್ಪಂದ ಪಿಂಚಣಿ, ಆರೋಗ್ಯ ವಿಮೆ ಹಾಗೂ ಬೆಲೆಯೇರಿಕೆಗೆ ತಕ್ಕ ಭತ್ಯೆಗಳನ್ನು ಒಳಗೊಂಡಿತ್ತು. ಪತ್ರಿಕೆಗಳು ಅದನ್ನು ‘ಡೆಟ್ರಾಯಿಟ್ ಒಪ್ಪಂದ’ ಎಂದೇ ಕರೆದವು.

ಅಂದಿನ ಅಮೆರಿಕದಲ್ಲಿ ಹತ್ತು ಕಾರು ಮಾರಾಟವಾದರೆ ಒಂಬತ್ತರಷ್ಟು ಈ ಮೂರು ಕಂಪನಿಗಳವೇ ಆಗಿರುತ್ತಿದ್ದವು. ಗಿರಾಕಿ ಜನರಲ್ ಮೋಟಾರ್ಸ್‌ನ ಷೆವರ್ಲೆ ಕೊಂಡರೂ ಫೋರ್ಡ್ ಕೊಂಡರೂ ಸಂಘಕ್ಕೆ ವ್ಯತ್ಯಾಸವಿರಲಿಲ್ಲ. ಈ ಕಟ್ಟಡ ನಿಂತಿದ್ದುದು ಒಂದು ಷರತ್ತಿನ ಮೇಲೆ: ಮಾರುಕಟ್ಟೆಯಲ್ಲಿರುವ ತಯಾರಕರೆಲ್ಲರೂ ಒಪ್ಪಂದದ ಒಳಗಿರಬೇಕು. ಹೊರಗಿನವರೊಬ್ಬರು ಬಂದು ಗಿರಾಕಿಗಳನ್ನು ಸೆಳೆಯತೊಡಗಿದರೆ, ಆ ಹೊರಗಿನವರು ಜಪಾನಿನಲ್ಲಿರಲಿ, ಪಕ್ಕದ ರಾಜ್ಯದಲ್ಲಿರಲಿ, ಸಂಬಳ ಮತ್ತೆ ಪೈಪೋಟಿಗೆ ಸಿಕ್ಕಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ಕೀಲಿಕೈ ಇದೇ. ಬಾವುಟದ ಮಾತು ಮೇಲುಮೇಲಿನದು. ಅದರ ಕೆಳಗಿರುವುದು ಒಪ್ಪಂದದ ಒಳಗಿನವರು ಮತ್ತು ಹೊರಗಿನವರು ಎಂಬ ಗೆರೆ.

ಇಂದಿನ ಓದುಗರಿಗೆ ಅಚ್ಚರಿಯೆನಿಸಬಹುದಾದ ಒಂದು ಸಂಗತಿ: ರಾಯ್ಟರ್ ಮುಕ್ತ ವ್ಯಾಪಾರದ ಪರವಾಗಿದ್ದರು. ಜರ್ಮನಿಯ ಪುಟ್ಟ ಫೋಕ್ಸ್‌ವ್ಯಾಗನ್ ಅಮೆರಿಕದ ರಸ್ತೆಗಿಳಿದಾಗ ಅವರು ಅದನ್ನು ತಡೆಯಿರಿ ಎನ್ನಲಿಲ್ಲ. ನೀವೂ ಸಣ್ಣ ಕಾರು ಮಾಡಿ ಎಂದು ಡೆಟ್ರಾಯಿಟ್‌ನ ಕಂಪನಿಗಳನ್ನೇ ಒತ್ತಾಯಿಸಿದರು. ಕಂಪನಿಗಳು ಆ ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ.

ಎಣ್ಣೆಯ ಬಿಕ್ಕಟ್ಟು ಮತ್ತು ಜಪಾನಿ ಕಾರುಗಳು

1973ರ ಅರಬ್ ತೈಲ ನಿರ್ಬಂಧ, 1979ರ ಇರಾನ್ ಕ್ರಾಂತಿ, ಎರಡೂ ಸಲ ಪೆಟ್ರೋಲಿನ ಬೆಲೆ ಗಗನಕ್ಕೇರಿತು. ಹೆಚ್ಚು ಪೆಟ್ರೋಲ್ ಕುಡಿಯುವ ಉದ್ದನೆಯ ಕಾರುಗಳನ್ನು ಬಿಟ್ಟು ಜನರು ಟೊಯೊಟಾ, ಹೋಂಡಾ, ಡ್ಯಾಟ್ಸನ್‌ಗಳ ಕಡೆ ತಿರುಗಿದರು. 1979ರಲ್ಲಿ ಯುಎಡಬ್ಲ್ಯು ಸದಸ್ಯತ್ವ ಸುಮಾರು 15 ಲಕ್ಷದಷ್ಟಿದ್ದು, ಅದೇ ಅದರ ಶಿಖರವಾಯಿತು. ಮುಂದಿನ ಮೂರು ವರ್ಷಗಳಲ್ಲಿ ಲಕ್ಷಾಂತರ ಕಾರ್ಮಿಕರು ಕೆಲಸ ಕಳೆದುಕೊಂಡರು. ಕ್ರೈಸ್ಲರ್ ದಿವಾಳಿಯಾಗದಂತೆ ಉಳಿದುಕೊಂಡದ್ದು ಒಂದೂವರೆ ಶತಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಂತಿದ್ದರಿಂದ.

ನಿಷ್ಠೆಯ ಪ್ರಶ್ನೆ ಬೀದಿಗೆ ಬಂದದ್ದು ಆಗ. ಕಾರುಗಳ ಹಿಂಬದಿಯಲ್ಲಿ ‘ಹಸಿವಾಯಿತೇ? ನಿನ್ನ ವಿದೇಶಿ ಕಾರನ್ನೇ ತಿನ್ನು’ ಎಂಬ ಅರ್ಥದ ಸ್ಟಿಕರುಗಳು ಕಾಣಿಸಿಕೊಂಡವು. ಹಣ ಕೊಟ್ಟು ಸುತ್ತಿಗೆಯಿಂದ ಜಪಾನಿ ಕಾರನ್ನು ಜಜ್ಜುವ ಪ್ರದರ್ಶನಗಳು ನಡೆದವು. ಸಂಘದ ಕಚೇರಿಗಳ ವಾಹನ ನಿಲುಗಡೆಯ ಜಾಗಗಳಲ್ಲಿ, ವಿದೇಶಿ ಕಾರುಗಳನ್ನು ಬೇರೆಡೆ ನಿಲ್ಲಿಸಬೇಕು ಎಂಬ ಫಲಕಗಳು ಬಿದ್ದವು. ಈ ಫಲಕಗಳ ಆಯುಷ್ಯ ದೊಡ್ಡದು. 2005ರಲ್ಲೂ, ಡೆಟ್ರಾಯಿಟ್‌ನ ಈಸ್ಟ್ ಜೆಫರ್ಸನ್ ರಸ್ತೆಯಲ್ಲಿರುವ ಯುಎಡಬ್ಲ್ಯು ಕೇಂದ್ರ ಕಚೇರಿ ‘ಸಾಲಿಡಾರಿಟಿ ಹೌಸ್’ನ ಜಾಗದಲ್ಲಿ ವಾಹನ ನಿಲ್ಲಿಸುತ್ತಿದ್ದ ಮರೀನ್ ದಳದ ಮೀಸಲು ಸೈನಿಕರಿಗೆ, ವಿದೇಶಿ ಕಾರು ತರುವವರೂ ಅಧ್ಯಕ್ಷ ಬುಷ್ ಪರವಾದ ಸ್ಟಿಕರ್ ಅಂಟಿಸಿಕೊಂಡವರೂ ಇಲ್ಲಿಗೆ ಬರಬೇಡಿ ಎಂದು ಹೇಳಲಾಯಿತು. ದೇಶದಾದ್ಯಂತ ಟೀಕೆ ಬಂದ ಮೇಲೆ ಸಂಘ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತಾದರೂ, ಸೈನಿಕರ ಘಟಕ ಮತ್ತೆ ಆ ಜಾಗ ನಮಗೆ ಬೇಡ ಎಂದಿತು.

ಈ ಸಿಟ್ಟಿನ ಕರಾಳ ಮುಖವನ್ನೂ ಹೇಳದೆ ಮುಂದೆ ಹೋಗುವಂತಿಲ್ಲ. 1982ರ ಜೂನ್‌ನಲ್ಲಿ, ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕ್‌ನಲ್ಲಿ, ಡ್ರಾಫ್ಟ್ಸ್‌ಮನ್ ಆಗಿ ದುಡಿಯುತ್ತಿದ್ದ 27 ವರ್ಷದ ವಿನ್ಸೆಂಟ್ ಚಿನ್ ಎಂಬ ಯುವಕನನ್ನು ಇಬ್ಬರು ಬೇಸ್‌ಬಾಲ್ ದಾಂಡಿನಿಂದ ಹೊಡೆದರು. ನಾಲ್ಕು ದಿನಗಳ ನಂತರ ಅವನು ತೀರಿಕೊಂಡ. ಹೊಡೆದವರಲ್ಲಿ ಒಬ್ಬ ಕ್ರೈಸ್ಲರ್‌ನ ಮೇಲ್ವಿಚಾರಕ, ಇನ್ನೊಬ್ಬ ಕೆಲಸ ಕಳೆದುಕೊಂಡಿದ್ದ ವಾಹನ ಕಾರ್ಮಿಕ. ನಿಮ್ಮಂಥವರಿಂದಲೇ ನಮ್ಮ ಕೆಲಸ ಹೋಯಿತು ಎಂಬ ಅರ್ಥದ ಬೈಗುಳ ಕೇಳಿಸಿತೆಂದು ಪ್ರತ್ಯಕ್ಷದರ್ಶಿಯೊಬ್ಬರು ಹೇಳಿದರು. ಚಿನ್ ಜಪಾನಿನವನಲ್ಲ, ಚೀನೀ ಮೂಲದ ಅಮೆರಿಕನ್. ನ್ಯಾಯಾಧೀಶರು ಕೊಟ್ಟ ಶಿಕ್ಷೆ ಮೂರು ವರ್ಷಗಳ ಸನ್ನಡತೆಯ ನಿಗಾ ಮತ್ತು 3,000 ಡಾಲರ್ ದಂಡ. ಇಬ್ಬರೂ ಒಂದು ದಿನವೂ ಜೈಲು ಶಿಕ್ಷೆ ಅನುಭವಿಸಲಿಲ್ಲ. ಅಮೆರಿಕದ ಏಷ್ಯಾ ಮೂಲದವರು ಒಂದು ಸಮುದಾಯವಾಗಿ ಸಂಘಟಿತರಾಗಲು ಈ ಪ್ರಕರಣ ದೊಡ್ಡ ಕಾರಣವಾಯಿತು.

ಮಿತಿ ಹೇರಿದರೆ ಕಾರ್ಖಾನೆಯೇ ಬಂತು

1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಜಪಾನ್ ತಾನಾಗಿಯೇ ರಫ್ತನ್ನು ವರ್ಷಕ್ಕೆ 16.8 ಲಕ್ಷ ಕಾರುಗಳಿಗೆ ಮಿತಿಗೊಳಿಸಿಕೊಂಡಿತು. ಇದನ್ನು ಸ್ವಯಂಪ್ರೇರಿತ ಎಂದು ಕರೆದರೂ ಎಷ್ಟು ಸ್ವಯಂ, ಎಷ್ಟು ಪ್ರೇರಿತ ಎಂಬುದು ಎಲ್ಲರಿಗೂ ತಿಳಿದಿತ್ತು. ಡೆಟ್ರಾಯಿಟ್‌ಗೆ ಉಸಿರಾಡಲು ಸಮಯ ಕೊಡುವುದು ಇದರ ಉದ್ದೇಶವಾಗಿದ್ದರೂ ಪರಿಣಾಮಗಳು ಬೇರೆ ಬಗೆಯಲ್ಲಿ ಬಂದವು. ಎಣಿಕೆಗೆ ಮಿತಿಯಿದ್ದಾಗ ಪ್ರತಿ ಕಾರಿನ ಮೇಲೆ ಹೆಚ್ಚು ಲಾಭ ಮಾಡುವುದು ಜಾಣತನವಾದ್ದರಿಂದ ಜಪಾನಿ ಕಂಪನಿಗಳು ದುಬಾರಿ ಕಾರುಗಳತ್ತ ಏರಿದವು; ಅಕ್ಯುರಾ, ಲೆಕ್ಸಸ್, ಇನ್ಫಿನಿಟಿಗಳು ಹುಟ್ಟಿದ್ದು ಅದೇ ದಶಕದಲ್ಲಿ. ಕಾರುಗಳ ಕೊರತೆಯಿಂದ ಬೆಲೆ ಏರಿ, ಅದರ ಭಾರ ಗಿರಾಕಿಗಳ ಮೇಲೆ ಬಿತ್ತು.

ಇವೆಲ್ಲಕ್ಕಿಂತ ದೊಡ್ಡ ಪರಿಣಾಮವೆಂದರೆ ಕಾರ್ಖಾನೆಗಳೇ ಅಮೆರಿಕಕ್ಕೆ ಬಂದದ್ದು. ಹೋಂಡಾ 1982ರ ನವೆಂಬರ್‌ನಲ್ಲಿ ಒಹಾಯೊದ ಮೇರಿಸ್‌ವಿಲ್‌ನಲ್ಲಿ ಅಕಾರ್ಡ್ ಕಾರಿನ ತಯಾರಿಕೆ ಆರಂಭಿಸಿತು. ಮರುವರ್ಷ ನಿಸಾನ್ ಟೆನ್ನೆಸ್ಸಿಯ ಸ್ಮರ್ನಾಕ್ಕೆ, 1988ರಲ್ಲಿ ಟೊಯೊಟಾ ಕೆಂಟಕಿಯ ಜಾರ್ಜ್‌ಟೌನ್‌ಗೆ, 1990ರ ದಶಕದಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೆರೊಲಿನಾಕ್ಕೆ ಮತ್ತು ಮರ್ಸಿಡಿಸ್ ಅಲಬಾಮಾಕ್ಕೆ, 2005ರಲ್ಲಿ ಹ್ಯುಂಡೈ ಅದೇ ಅಲಬಾಮಾದ ಮಾಂಟ್ಗಮರಿಗೆ ಬಂದವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಜಪಾನಿ ಕಂಪನಿಗಳು ಅಮೆರಿಕದಲ್ಲೇ ಕಾರು ತಯಾರಿಸಲಿ ಎಂದು ಒತ್ತಾಯಿಸಿದ್ದು ಸ್ವತಃ ಯುಎಡಬ್ಲ್ಯು. ಆಗಿನ ಅಧ್ಯಕ್ಷ ಡಗ್ಲಸ್ ಫ್ರೇಸರ್ ಇದಕ್ಕಾಗಿ ದನಿಯೆತ್ತಿದ್ದರು. ಅಮೆರಿಕದಲ್ಲಿ ಮಾರುವ ಕಾರುಗಳಲ್ಲಿ ಇಂತಿಷ್ಟು ದೇಶೀಯ ಅಂಶ ಇರಲೇಬೇಕೆಂಬ ಮಸೂದೆಯನ್ನು ಸಂಘ ಬೆಂಬಲಿಸಿತ್ತು. ಅದು 1982 ಮತ್ತು 1983ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾದರೂ ಸೆನೆಟ್ ದಾಟಲಿಲ್ಲ. ಕಾರ್ಖಾನೆಗಳೇನೋ ಬಂದವು, ಆದರೆ ಬಹುತೇಕ ಕಡೆ ಸಂಘವನ್ನು ಬಾಗಿಲಿನ ಹೊರಗೇ ಇರಿಸಿ ಬಂದವು.

ಒಂದೇ ಸಾಲಿನಿಂದ ಎರಡು ಹೆಸರಿನ ಕಾರು

ಅಪವಾದವಾಗಿ ನಿಂತ ಒಂದು ಕಾರ್ಖಾನೆಯ ಕಥೆ ಈ ಚರ್ಚೆಯ ಅಸಂಬದ್ಧತೆಯನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ತನ್ನ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿತ್ತು. ಎರಡು ವರ್ಷಗಳ ನಂತರ ಟೊಯೊಟಾದೊಡನೆ ಪಾಲುದಾರಿಕೆಯಲ್ಲಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಅದು ಮತ್ತೆ ತೆರೆಯಿತು. ಕಾರ್ಮಿಕರಲ್ಲಿ ಹೆಚ್ಚಿನವರು ಅದೇ ಹಳೆಯ ಯುಎಡಬ್ಲ್ಯು ಸದಸ್ಯರು. ನಡೆಸುವ ಪದ್ಧತಿ ಮಾತ್ರ ಟೊಯೊಟಾದ್ದು. ಅಲ್ಲಿಂದ ಷೆವರ್ಲೆ ನೋವಾ ಹೊರಬಂತು, ಸ್ವಲ್ಪ ಕಾಲದಲ್ಲೇ ಟೊಯೊಟಾ ಕರೊಲ್ಲಾ ಕೂಡ ಹೊರಬಂತು. ಒಳಗಿನಿಂದ ಅವೆರಡೂ ಹೆಚ್ಚುಕಡಿಮೆ ಒಂದೇ ಕಾರು. ಜೋಡಿಸಿದ್ದು ಅದೇ ಸಂಘದ ಅದೇ ಕೈಗಳು. ಆದರೂ ಡೆಟ್ರಾಯಿಟ್‌ನ ಸಂಘದ ಅಂಗಳದಲ್ಲಿ ನೋವಾ ಮನೆಯ ಮಗ, ಕರೊಲ್ಲಾ ಪರದೇಶಿ. ಹೆಸರಿನ ಬಿಲ್ಲೆಯನ್ನೇ ನಿಷ್ಠೆಯ ಅಳತೆಗೋಲಾಗಿ ಮಾಡಿಕೊಂಡರೆ ಹೀಗಾಗುತ್ತದೆ.

ನುಮ್ಮಿ 2010ರ ಏಪ್ರಿಲ್‌ನಲ್ಲಿ ಮುಚ್ಚಿತು. ಆ ಕಟ್ಟಡವನ್ನು ಕೊಂಡದ್ದು ಟೆಸ್ಲಾ. ಇಂದು ಅದೇ ಸೂರಿನಡಿ, ಅಮೆರಿಕದ ಕಂಪನಿಯೊಂದು, ಅಮೆರಿಕದ ಬಿಡಿಭಾಗಗಳನ್ನೇ ಹೆಚ್ಚಾಗಿ ಬಳಸಿ, ಸಂಘವಿಲ್ಲದ ಕಾರ್ಮಿಕರಿಂದ ಕಾರು ಮಾಡಿಸುತ್ತಿದೆ.

ದಕ್ಷಿಣದ ರಾಜ್ಯಗಳಲ್ಲಿ ಸಂಘ ಏಕೆ ಬೇರೂರಲಿಲ್ಲ?

ವಿದೇಶಿ ಕಂಪನಿಗಳು ದಕ್ಷಿಣದ ರಾಜ್ಯಗಳನ್ನು ಆರಿಸಿಕೊಂಡದ್ದಕ್ಕೆ ಅಗ್ಗದ ಜಾಗ, ರಾಜ್ಯ ಸರ್ಕಾರಗಳ ಧಾರಾಳ ರಿಯಾಯಿತಿಗಳ ಜೊತೆಗೆ ಕಾನೂನೂ ಒಂದು ಕಾರಣ. 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆ, ಸಂಘದ ವಂತಿಗೆಯನ್ನು ಕಡ್ಡಾಯ ಮಾಡುವ ಒಪ್ಪಂದಗಳನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಇಂಥ ನಿಷೇಧವಿರುವ ರಾಜ್ಯಗಳಲ್ಲಿ ಕಾರ್ಮಿಕ ವಂತಿಗೆ ಕೊಡದೆಯೇ ಸಂಘ ಗಳಿಸಿಕೊಟ್ಟ ಸಂಬಳ, ಸವಲತ್ತುಗಳನ್ನು ಪಡೆಯಬಹುದು. ಬೆಂಬಲಿಗರು ಇದನ್ನು ಕೆಲಸ ಮಾಡುವ ಹಕ್ಕು ಎನ್ನುತ್ತಾರೆ. ಸಂಘದವರು ಬಿಟ್ಟಿ ಊಟ ಎನ್ನುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಈ ನಿಷೇಧ ಸಾಮಾನ್ಯ. ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯವೇ 2012ರಲ್ಲಿ ಇಂಥ ಕಾಯ್ದೆ ಮಾಡಿ, 2023ರಲ್ಲಿ ರದ್ದುಪಡಿಸಿತು.

ಕಾನೂನಿನ ಜೊತೆ ಕಾರ್ಮಿಕರ ಲೆಕ್ಕಾಚಾರವೂ ಇತ್ತು. ವಿದೇಶಿ ಕಂಪನಿಗಳು ಸುತ್ತಲಿನ ಬೇರೆ ಉದ್ಯೋಗಗಳಿಗಿಂತ ಒಳ್ಳೆಯ ಸಂಬಳ ಕೊಡುತ್ತಿದ್ದವು. ಸಂಘ ಬಂದರೆ ಕಾರ್ಖಾನೆಯೇ ಹೋದೀತೆಂಬ ಭಯವನ್ನು ಸ್ಥಳೀಯ ರಾಜಕಾರಣಿಗಳು ಬಿತ್ತುತ್ತಿದ್ದರು. ಡೆಟ್ರಾಯಿಟ್ ನಗರದ ಕುಸಿತ ಕಣ್ಣೆದುರಿಗೇ ಇತ್ತು. ಸ್ಮರ್ನಾದ ನಿಸಾನ್ ಕಾರ್ಖಾನೆಯಲ್ಲಿ ಸಂಘ 1989ರಲ್ಲೂ 2001ರಲ್ಲೂ ಸೋತಿತು. ಟೆನ್ನೆಸ್ಸಿಯ ಚಟನೂಗಾದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ 2014ರಲ್ಲಿ 712–626, 2019ರಲ್ಲಿ 833–776 ಮತಗಳಿಂದ ಸೋತಿತು.

2023ರ ಸೆಪ್ಟೆಂಬರ್ 15ರಿಂದ ಆರು ವಾರಗಳ ಕಾಲ ಯುಎಡಬ್ಲ್ಯು, ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ, ಡೆಟ್ರಾಯಿಟ್‌ನ ಮೂರೂ ಕಂಪನಿಗಳ ವಿರುದ್ಧ ಏಕಕಾಲಕ್ಕೆ ಮುಷ್ಕರ ಹೂಡಿ, ನಾಲ್ಕೂವರೆ ವರ್ಷಗಳ ಅವಧಿಗೆ ಮೂಲ ವೇತನದಲ್ಲಿ ಶೇ 25ರ ಏರಿಕೆ ಗಳಿಸಿತು. ಇದಾದ ಕೆಲವೇ ವಾರಗಳಲ್ಲಿ ಹೋಂಡಾ ತನ್ನ ಅಮೆರಿಕದ ಕಾರ್ಮಿಕರಿಗೆ ಶೇ 11ರ ಏರಿಕೆ ಪ್ರಕಟಿಸಿತು. ಟೊಯೊಟಾ, ಹ್ಯುಂಡೈಗಳೂ ಸಂಬಳ ಏರಿಸಿದವು. ಸಂಘವಿಲ್ಲದ ಕಾರ್ಖಾನೆಯವರಿಗೂ ಸಂಘದಿಂದ ಲಾಭ ಸಿಗುತ್ತದೆ ಎಂದು ಯುಎಡಬ್ಲ್ಯು ಇದನ್ನು ತೋರಿಸಿತು. ಸಂಘವಿಲ್ಲದೆಯೂ ಏರಿಕೆ ಸಿಕ್ಕಿತಲ್ಲ ಎಂದು ಅದನ್ನೇ ಬೇರೆಯವರು ತಿರುಗಿಸಿ ಓದಿದರು. 2024ರ ಏಪ್ರಿಲ್‌ನಲ್ಲಿ ಚಟನೂಗಾದ ಕಾರ್ಮಿಕರು ಮೂರನೆಯ ಪ್ರಯತ್ನದಲ್ಲಿ 2,628–985ರ ಅಂತರದಿಂದ ಸಂಘವನ್ನು ಒಪ್ಪಿಕೊಂಡರು. ಮರು ತಿಂಗಳೇ ಅಲಬಾಮಾದ ಮರ್ಸಿಡಿಸ್ ಕಾರ್ಖಾನೆಯಲ್ಲಿ ಶೇ 56ರಷ್ಟು ಮತದಾರರು ಬೇಡ ಎಂದರು.

ಡೆಟ್ರಾಯಿಟ್‌ನ ಹೆಸರು, ಹೊರಗಿನ ಕಾರ್ಖಾನೆ

ವಿದೇಶಿ ಹೆಸರುಗಳು ಅಮೆರಿಕಕ್ಕೆ ಬಂದ ಹಾಗೆಯೇ ಅಮೆರಿಕದ ಹೆಸರುಗಳು ಹೊರಗೆ ಹೋದವು. 1994ರಲ್ಲಿ ಜಾರಿಗೆ ಬಂದ ನಾಫ್ಟಾ ಒಪ್ಪಂದ ಮೆಕ್ಸಿಕೊ, ಕೆನಡಾ, ಅಮೆರಿಕಗಳ ನಡುವಿನ ಸುಂಕದ ಗೋಡೆಯನ್ನು ಇಳಿಸಿದ ಮೇಲೆ ಡೆಟ್ರಾಯಿಟ್‌ನ ಕಂಪನಿಗಳು ಮೆಕ್ಸಿಕೊದಲ್ಲಿ ತಯಾರಿಕೆಯನ್ನು ಹಿಗ್ಗಿಸಿದವು. ಫೋರ್ಡ್‌ನ ಮ್ಯಾವೆರಿಕ್ ಬರುವುದು ಮೆಕ್ಸಿಕೊದ ಎರ್ಮೊಸಿಯೊದಿಂದ, ಷೆವರ್ಲೆ ಟ್ರ್ಯಾಕ್ಸ್ ಬರುವುದು ದಕ್ಷಿಣ ಕೊರಿಯಾದಿಂದ, ಬ್ಯೂಕ್ ಎನ್ವಿಷನ್ ಬಂದದ್ದು ಚೀನಾದಿಂದ. 2018ರಿಂದ ಕೆಲವು ವರ್ಷ ಅಮೆರಿಕದ ಫೋರ್ಡ್ ಷೋರೂಮುಗಳಲ್ಲಿ ಮಾರಾಟವಾದ ಇಕೋಸ್ಪೋರ್ಟ್ ಹಡಗೇರಿದ್ದು ನಮ್ಮ ಪಕ್ಕದ ಚೆನ್ನೈಯಿಂದ. ಕ್ರೈಸ್ಲರ್ ಅಂತೂ ಜರ್ಮನಿಯ ಡೈಮ್ಲರ್, ಇಟಲಿಯ ಫಿಯಟ್‌ಗಳ ಕೈ ದಾಟಿ, 2021ರಿಂದ ನೆದರ್‌ಲ್ಯಾಂಡ್ಸ್‌ನಲ್ಲಿ ನೋಂದಾಯಿತವಾದ ಸ್ಟೆಲಾಂಟಿಸ್‌ನ ಭಾಗವಾಗಿದೆ.

2019ರಲ್ಲಿ ನಡೆದ ಒಂದು ಪ್ರಸಂಗ ಈ ಮುಜುಗರವನ್ನು ಎಲ್ಲರಿಗೂ ಕಾಣಿಸಿತು. ಡೆಟ್ರಾಯಿಟ್‌ನ ಬೇಸ್‌ಬಾಲ್ ಕ್ರೀಡಾಂಗಣ ಕೊಮೆರಿಕಾ ಪಾರ್ಕ್‌ನಲ್ಲಿ ಷೆವರ್ಲೆ ತನ್ನ ಹೊಸ ಬ್ಲೇಜರನ್ನು ಎತ್ತರದಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಆ ಬ್ಲೇಜರ್ ತಯಾರಾದದ್ದು ಮೆಕ್ಸಿಕೊದಲ್ಲಿ. ಕಂಪನಿ ಅದೇ ಸಮಯದಲ್ಲಿ ಒಹಾಯೊದ ಲಾರ್ಡ್ಸ್‌ಟೌನ್ ಕಾರ್ಖಾನೆಯನ್ನು ಮುಚ್ಚಿ ಸಂಘದ ಸಾವಿರಾರು ಸದಸ್ಯರ ಕೆಲಸ ಕಿತ್ತುಕೊಂಡಿತ್ತು. ಟೀಕೆಯ ಮಳೆ ಸುರಿದ ಮೇಲೆ ಪಂದ್ಯಾವಳಿ ಆರಂಭವಾಗುವ ಮೊದಲೇ ಬ್ಲೇಜರನ್ನು ಕೆಳಗಿಳಿಸಿ, ಮಿಷಿಗನ್ನಿನ ಲ್ಯಾನ್ಸಿಂಗ್ ಬಳಿ ತಯಾರಾಗುವ ಟ್ರಾವರ್ಸ್ ಕಾರನ್ನು ಅಲ್ಲಿ ನಿಲ್ಲಿಸಲಾಯಿತು.

ಕಾರನ್ನು ಓದುವುದು ಹೇಗೆ?

ಪ್ರತಿ ಕಾರಿಗೂ ವಿಐಎನ್ ಎಂಬ 17 ಅಕ್ಷರ–ಅಂಕೆಗಳ ಗುರುತಿನ ಸಂಖ್ಯೆಯಿದೆ. ನಮ್ಮ ಆರ್‌ಸಿಯಲ್ಲಿ ಚಾಸಿಸ್ ನಂಬರ್ ಎಂದು ಬರೆದಿರುವುದು ಅದೇ. ಅಮೆರಿಕದಲ್ಲಿ ಚಾಲಕನ ಎದುರಿನ ಗಾಜಿನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಅದನ್ನು ಓದಬಹುದು. ಮೊದಲ ಚಿಹ್ನೆ 1, 4 ಅಥವಾ 5 ಆಗಿದ್ದರೆ ಅಮೆರಿಕದಲ್ಲಿ ತಯಾರಾದದ್ದು. 2 ಕೆನಡಾ, 3 ಮೆಕ್ಸಿಕೊ. ‘ಜೆ’ ಜಪಾನ್, ‘ಕೆ’ ದಕ್ಷಿಣ ಕೊರಿಯಾ, ‘ಡಬ್ಲ್ಯು’ ಜರ್ಮನಿ. ಭಾರತದ ಸಂಖ್ಯೆಗಳು ‘ಎಂಎ’ಯಿಂದ ‘ಎಂಇ’ವರೆಗಿನ ಜೋಡಿಗಳಿಂದ ಆರಂಭವಾಗುತ್ತವೆ, ಬಿಡದಿಯಲ್ಲಿ ತಯಾರಾದ ಟೊಯೊಟಾದ ಆರ್‌ಸಿ ಮನೆಯಲ್ಲಿದ್ದರೆ ತೆಗೆದು ನೋಡಿ, ‘ಎಂಬಿಜೆ’ ಎಂದಿರುತ್ತದೆ.

ಹೆಸರು ನೋಡಿದರೆ ಸಾಲದು, ಸಂಖ್ಯೆಯನ್ನೇ ನೋಡಬೇಕು ಎನ್ನುವುದಕ್ಕೆ ಷೆವರ್ಲೆ ಸಿಲ್ವೆರಾಡೊ ಎಂಬ ಪಿಕಪ್ ಟ್ರಕ್ ಒಳ್ಳೆಯ ಉದಾಹರಣೆ. ಅದನ್ನು ಇಂಡಿಯಾನಾದ ಫೋರ್ಟ್ ವೇನ್, ಕೆನಡಾದ ಆಶವಾ, ಮೆಕ್ಸಿಕೊದ ಸಿಲಾವ್ ಈ ಮೂರೂ ಕಡೆ ತಯಾರಿಸಿದ್ದಾರೆ. ಒಂದೇ ಷೋರೂಮಿನ ಅಂಗಳದಲ್ಲಿ ಒಂದೇ ಬಣ್ಣದ, ಒಂದೇ ಬೆಲೆಯ ಎರಡು ಟ್ರಕ್‌ಗಳಲ್ಲಿ ಒಂದರ ಸಂಖ್ಯೆ 1ರಿಂದಲೂ ಪಕ್ಕದ್ದು 3ರಿಂದಲೂ ಆರಂಭವಾಗಬಹುದು. ಯುಎಡಬ್ಲ್ಯು ತನ್ನ ಸದಸ್ಯರು ತಯಾರಿಸಿದ ವಾಹನಗಳ ಪಟ್ಟಿ ಪ್ರಕಟಿಸುವಾಗ ಇಂಥ ಹೆಸರುಗಳಿಗೆ ಗುರುತು ಹಾಕಿ, ಸಂಖ್ಯೆಯನ್ನು ಪರಿಶೀಲಿಸಿ ಕೊಳ್ಳಿ ಎಂದು ಎಚ್ಚರಿಸುವುದು ಇದಕ್ಕಾಗಿಯೇ.

ಎರಡನೆಯ ಆಧಾರ ಹೊಸ ಕಾರಿನ ಕಿಟಕಿಗೆ ಅಂಟಿಸಿರುವ ಚೀಟಿ. 1992ರ ಕಾಯ್ದೆಯೊಂದರ ಪ್ರಕಾರ ಅದರಲ್ಲಿ ಅಂತಿಮ ಜೋಡಣೆಯಾದ ಊರು, ಎಂಜಿನ್ ಮತ್ತು ಗೇರ್‌ಬಾಕ್ಸ್ ಬಂದ ದೇಶ, ಬಿಡಿಭಾಗಗಳ ಮೌಲ್ಯದಲ್ಲಿ ಅಮೆರಿಕ–ಕೆನಡಾಗಳ ಪಾಲು ಶೇಕಡ ಎಷ್ಟು ಎಂಬುದನ್ನು ಮುದ್ರಿಸಬೇಕು. ಇದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಅಮೆರಿಕ ಮತ್ತು ಕೆನಡಾಗಳನ್ನು ಕೂಡಿಸಿ ಲೆಕ್ಕ ಹಾಕಿರುವುದರಿಂದ ಅಮೆರಿಕದ ಪಾಲು ಪ್ರತ್ಯೇಕವಾಗಿ ತಿಳಿಯುವುದಿಲ್ಲ. ಮತ್ತು ಈ ಶೇಕಡಾವಾರು ನಿಮ್ಮ ಮುಂದಿರುವ ಆ ಒಂದು ಕಾರಿನದ್ದಲ್ಲ, ಆ ಮಾದರಿಯ ಸರಾಸರಿ. ಜೋಡಣೆಯ ಕೂಲಿ, ಜಾಹೀರಾತು, ಲಾಭ ಇದರಲ್ಲಿ ಸೇರುವುದಿಲ್ಲ. ಬೆಂಗಳೂರಿನ ತಾಂತ್ರಿಕ ಕೇಂದ್ರಗಳಲ್ಲಿ ಕುಳಿತು ಜನರಲ್ ಮೋಟಾರ್ಸ್‌ಗೋ ಮರ್ಸಿಡಿಸ್‌ಗೋ ದುಡಿಯುವ ಎಂಜಿನಿಯರರ ಶ್ರಮವೂ ಚೀಟಿಯಲ್ಲಿ ಎಲ್ಲೂ ಕಾಣದು.

ಈ ಅಂಕಿಗಳನ್ನು ಸಂಸ್ಕರಿಸಿ ಕೆಲವು ಸಂಸ್ಥೆಗಳು ವರ್ಷಕ್ಕೊಮ್ಮೆ ಶ್ರೇಯಾಂಕ ಪಟ್ಟಿ ಹೊರಡಿಸುತ್ತವೆ. ಕಾರ್ಸ್.ಕಾಮ್ ಸಂಸ್ಥೆಯ ಪಟ್ಟಿಯಲ್ಲಿ ಹಿಂದೆ ಹಲವು ವರ್ಷ ಕೆಂಟಕಿಯಲ್ಲಿ ತಯಾರಾಗುವ ಟೊಯೊಟಾ ಕ್ಯಾಮ್ರಿ ಮೊದಲ ಸ್ಥಾನದಲ್ಲಿತ್ತು. 2022ರಿಂದ 2024ರವರೆಗೆ ಸತತವಾಗಿ ಟೆಸ್ಲಾ ಮಾಡೆಲ್ ವೈ ಮೊದಲು ಬಂದಿದೆ. ಎರಡೂ ಸಂಘವಿಲ್ಲದ ಕಾರ್ಖಾನೆಯ ಕಾರುಗಳು.

ನಾಲ್ಕರಲ್ಲಿ ಯಾವುದಕ್ಕೆ ತೂಕ?

ಸಂಘದ ಪಟ್ಟಿಯನ್ನೇ ನೋಡಿ ಕೊಳ್ಳುವವರ ವಾದ, ಆ ಕಾರಿನ ಬೆಲೆಯಲ್ಲಿ ಪಿಂಚಣಿ, ವಿಮೆ, ಲಾಭದ ಪಾಲುಗಳೂ ಸೇರಿವೆ ಎಂಬುದು. 2024ರ ಲಾಭದಲ್ಲಿ ಜನರಲ್ ಮೋಟಾರ್ಸ್‌ನ ಸಂಘದ ಕಾರ್ಮಿಕರಿಗೆ ತಲಾ 14,500 ಡಾಲರ್‌ವರೆಗೆ ಸಿಕ್ಕಿತು. ಮೇರಿಸ್‌ವಿಲ್‌ನಲ್ಲಿ ಹೋಂಡಾ ಜೋಡಿಸುವವನೂ ಅಮೆರಿಕದ ಕಾರ್ಮಿಕನೇ, ಅವನ ಮನೆಯೂ ಆ ಸಂಬಳದಿಂದಲೇ ನಡೆಯುತ್ತದೆ ಎಂಬುದು ಇನ್ನೊಂದು ವಾದ. ಕೊಳ್ಳುವವನು ತನ್ನ ದುಡ್ಡಿಗೆ ಬಾಳಿಕೆ ಬರುವ ಕಾರನ್ನು ನೋಡಬೇಕೇ ಹೊರತು ಬೇರೆ ಹೊಣೆ ಅವನದ್ದಲ್ಲ ಎನ್ನುವವರೂ ಇದ್ದಾರೆ. ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಎಂಜಿನಿಯರರು. ಕಂಪನಿ ತನ್ನ ನೌಕರರಿಗೂ ಅವರ ಬಂಧುಗಳಿಗೂ ಕೊಡುವ ರಿಯಾಯಿತಿ ದರ ಅವರ ಆಯ್ಕೆಯನ್ನು ಎಷ್ಟೋ ಸಲ ಈ ವಾದಗಳಿಗಿಂತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಸರ್ಕಾರ ಮಾತ್ರ ನಾಲ್ಕನೆಯ ಪ್ರಶ್ನೆಯನ್ನು ಕಾನೂನಿಗೆ ತರಲು ಒಮ್ಮೆ ಪ್ರಯತ್ನಿಸಿ ಬಿಟ್ಟುಕೊಟ್ಟಿದೆ. 2021ರಲ್ಲಿ, ಸಂಘದ ಕಾರ್ಮಿಕರು ತಯಾರಿಸಿದ ವಿದ್ಯುತ್ ಕಾರಿಗೆ 4,500 ಡಾಲರ್ ಹೆಚ್ಚುವರಿ ತೆರಿಗೆ ರಿಯಾಯಿತಿ ಕೊಡುವ ಪ್ರಸ್ತಾವವಿತ್ತು. ಟೊಯೊಟಾ, ಹೋಂಡಾ, ಟೆಸ್ಲಾಗಳು ಅದನ್ನು ಬಲವಾಗಿ ವಿರೋಧಿಸಿದವು. 2022ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆ ಅಂಶ ಇರಲಿಲ್ಲ. ಜೋಡಣೆ ಉತ್ತರ ಅಮೆರಿಕದಲ್ಲಿ ಆಗಿರಬೇಕೆಂಬ ಷರತ್ತು ಮಾತ್ರ ಉಳಿಯಿತು. ಆ ರಿಯಾಯಿತಿಯೂ 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು.

2025ರ ವಾಹನ ಸುಂಕವನ್ನು ಯುಎಡಬ್ಲ್ಯು ಅಧ್ಯಕ್ಷ ಶಾನ್ ಫೇನ್ ಸ್ವಾಗತಿಸಿದರು. ಚುನಾವಣೆಯಲ್ಲಿ ಟ್ರಂಪ್ ವಿರುದ್ಧ ಪ್ರಚಾರ ಮಾಡಿದ್ದವರೂ ಅವರೇ. ಆದರೆ ಸುಂಕ ತಡೆಯುವುದು ಗಡಿ ದಾಟಿ ಬರುವ ಕಾರನ್ನು ಮಾತ್ರ. ಅಲಬಾಮಾದ ಮರ್ಸಿಡಿಸನ್ನಾಗಲಿ ಕೆಂಟಕಿಯ ಟೊಯೊಟಾವನ್ನಾಗಲಿ ಅದು ಮುಟ್ಟುವುದು ಅವುಗಳ ಆಮದು ಬಿಡಿಭಾಗಗಳ ಮಟ್ಟಿಗಷ್ಟೇ. ಸಾಲದ ಬಡ್ಡಿಯ ಹೊಸ ವಿನಾಯಿತಿಯೂ ಹಾಗೆಯೇ. 2025ರಿಂದ 2028ರವರೆಗಿನ ತೆರಿಗೆ ವರ್ಷಗಳಿಗೆ ಅನ್ವಯಿಸುವ ಈ ಸೌಲಭ್ಯ ಪಡೆಯಲು ತೆರಿಗೆ ವಿವರಣೆಯಲ್ಲಿ ಕಾರಿನ ವಿಐಎನ್ ನಮೂದಿಸಬೇಕು. ಒಬ್ಬರೇ ತೆರಿಗೆ ಸಲ್ಲಿಸುವವರ ಆದಾಯ 1,00,000 ಡಾಲರ್, ದಂಪತಿಗಳದ್ದು 2,00,000 ಡಾಲರ್ ದಾಟಿದಂತೆ ವಿನಾಯಿತಿ ಕರಗುತ್ತದೆ. ಸಂಘವಿಲ್ಲದ ಅಲಬಾಮಾದ ಮರ್ಸಿಡಿಸ್‌ಗೆ ಇದು ಸಿಗುತ್ತದೆ, ಸಿಲಾವ್‌ನಿಂದ ಬಂದ ಷೆವರ್ಲೆಗೆ ಸಿಗುವುದಿಲ್ಲ. ಕೆನಡಾದ ಕಾರ್ಮಿಕ ಸಂಘದವರು ಆಶವಾದಲ್ಲಿ ಜೋಡಿಸಿದ ಸಿಲ್ವೆರಾಡೊಗೂ ಸಿಗುವುದಿಲ್ಲ. ಸಂಘದ ಕೈಗಳು ಮಾಡಿದ್ದೇ ಬೇಕೆನ್ನುವವರಿಗೆ ಕಿಟಕಿಯ ಚೀಟಿ ನೆರವಾಗುವುದಿಲ್ಲ. ಯುಎಡಬ್ಲ್ಯು ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಗಾಜಿನ ಮೂಲೆಯ ಸಂಖ್ಯೆಯೊಡನೆ ತಾಳೆ ನೋಡಬೇಕಾಗುತ್ತದೆ.